ಒಂದು ಪೊಟ್ಟಣ, ಒಂದು ಲೀಟರ್ ನೀರು

ಮಗುವಿಗೆ ಬೆಳಗಿನಿಂದ ನೀರಿನಂತೆ ಭೇದಿ. ರಾಬರ್ಟ್‌ಸನ್‌ಪೇಟೆಯ ಬಾಡಿಗೆ ಮನೆಯಲ್ಲಿ ಶ್ವೇತ ಒಬ್ಬಳೇ. ಗಂಡ ನವನೀತ್ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಹಾವೇರಿಯಲ್ಲಿರುವ ಅವ್ವ ಈಗಲೇ ಹೊರಟರೂ ಬಂದು ಮುಟ್ಟುವುದು ನಾಳೆಗೆ. ಪುಟ್ಟ ಲಿಖಿತಳನ್ನು ಮಡಿಲಲ್ಲಿ ಹಾಕಿಕೊಂಡು ಕೂತವಳಿಗೆ, ಅವ್ವ ಪಕ್ಕದಲ್ಲಿದ್ದು ತಲೆ ನೇವರಿಸಿದರೆ ಸಾಕಿತ್ತು ಅನಿಸುತ್ತಿತ್ತು.

ತವರಿನಿಂದ ಬರುವಾಗ ಅವ್ವ ಹಿತ್ತಲ ಮಲ್ಲಿಗೆಯ ಕಡ್ಡಿ ಕೊಟ್ಟಿದ್ದಳು. ಬಾಗಿಲ ಬಳಿಯ ಕುಂಡದಲ್ಲಿ ಅದು ಚಿಗುರಿತ್ತು. ಬೇಗ ಹೂ ಬಿಡಲಿ, ಆ ಪರಿಮಳಕ್ಕಾದರೂ ಈ ಮನೆ ತವರಿನಂತಾಗಲಿ ಎಂದು ಶ್ವೇತ ಮೊನ್ನೆ ಒಂದು ಹಿಡಿ ಯೂರಿಯಾ ಸುರಿದಿದ್ದಳು. ಮಣ್ಣು ಒದ್ದೆಯಿದ್ದರೂ ಈಗ ಎಲೆಗಳೆಲ್ಲ ಜೋತುಬಿದ್ದಿದ್ದವು.

ಆಶಾ ಕಾರ್ಯಕರ್ತೆ ಕವಿತ ಹಿಂದೆ ಕೊಟ್ಟಿದ್ದ ಓಆರ್‌ಎಸ್ ಪೊಟ್ಟಣ ಮನೆಯಲ್ಲಿತ್ತು. ಶ್ವೇತ ಅಷ್ಟೂ ಪುಡಿಯನ್ನು ಒಂದೇ ಲೋಟ ನೀರಿಗೆ ಕಲಸಿದಳು. ಮಗು ಮುಖ ಕಿವುಚಿ ಉಗಿಯಿತು. ಗಾಬರಿಯಾಗಿ ಕವಿತಳಿಗೆ ಫೋನ್ ಮಾಡಿದಳು. ಕವಿತ ಬಂದವಳೇ ಮಗುವಿನ ಕಣ್ಣು, ಚರ್ಮ ನೋಡಿದಳು. ಲೋಟದ ವಿಷಯ ಕೇಳಿ ಅದನ್ನು ಚೆಲ್ಲಿಬಿಟ್ಟಳು.

“ಗಟ್ಟಿ ಮಾಡಿ ಕೊಟ್ರ ಲಗೂನ ಆರಾಮ ಆಗ್ತೈತಲ್ರಿ ಅಕ್ಕಾರ?” ಎಂದಳು ಶ್ವೇತ.

“ಇಲ್ಲ ಕಣಮ್ಮ. ಮಾವಿನಕಾಯಿ ಓಳುಗಳಿಗೆ ಉಪ್ಪಾಕಿಟ್ರೆ ನೀರು ಬಿಡಲ್ವಾ? ಉಪ್ಪು ಜಾಸ್ತಿ ಇರೋ ಕಡೆಗೇ ನೀರು ಓಗೋದು. ಬರ್ತಾ ಕುಂಡದ ಅಂಚಲ್ಲಿ ಯೂರಿಯಾ ಕಾಳು ಕಂಡೆ, ನಿನ್ನ ಮಲ್ಲಿಗೆಗೂ ಅದೇ ಆಗಿರೋದು.”

ಗಿಡವಾಗಲಿ, ಮಗುವಾಗಲಿ, ದೇಹವೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ ಎಂದು ಕವಿತ ವಿವರಿಸಿದಳು. ಪ್ರತಿ ಕೋಶದ ಸುತ್ತ ತೆಳುವಾದ ಪೊರೆ. ನೀರು ಅದರ ಮೂಲಕ ಹಾಯುತ್ತದೆ. ಹೊರಗೆ ಉಪ್ಪೋ ಗೊಬ್ಬರವೋ ಅತಿಯಾದರೆ ಒಳಗಿನ ನೀರು ಹೊರಬಿದ್ದು ಕೋಶ ಸೊರಗುತ್ತದೆ. ಉಪ್ಪು, ಸಕ್ಕರೆ ಹದವಾಗಿದ್ದರೆ ಮಗುವಿನ ಕರುಳು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಶ್ವೇತಳಿಗೆ ಇನ್ನೂ ಅನುಮಾನ. ಇಷ್ಟು ತೆಳು ನೀರಿನಿಂದ ಏನಾದೀತು ಎಂದುಕೊಂಡೇ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಕವಿತ ಕೊಟ್ಟ ಹೊಸ ಪೊಟ್ಟಣವನ್ನು ಕಲಸಿ, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸುತ್ತಾ ಹೋದಳು. ಈ ಸಲ ಮಗು ಉಗಿಯಲಿಲ್ಲ. ಕವಿತ ಜಿಂಕ್ ಮಾತ್ರೆಯನ್ನೂ ಕೊಟ್ಟಳು. ಕುಂಡಕ್ಕೆ ಧಾರಾಳವಾಗಿ ನೀರು ಹೊಯ್ದು ಗೊಬ್ಬರವನ್ನು ಬಸಿದುಬಿಟ್ಟಳು. ಗಿಡ ಉಳಿಯುವುದೋ ಇಲ್ಲವೋ ಹೇಳಲಾರೆ ಎಂದಳು.

ಸಂಜೆಗೆ ಲಿಖಿತ ಕಣ್ಣರಳಿಸಿ ಅನ್ನ ಕೇಳಿದಳು. ಶ್ವೇತ ಅವ್ವನಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು.

“ನಾ ಇರಬೇಕಿತ್ತವ್ವಾ ನಿನ್ನ ಹತ್ರ,” ಎಂದಳು ಅವ್ವ.

“ಹೂಂ ಅವ್ವಾ,” ಎಂದಷ್ಟೇ ಹೇಳಿ ಶ್ವೇತ ಮಗುವಿಗೆ ತುತ್ತಿಟ್ಟಳು.

ತಾಯಂದಿರೇ, ನಿಮ್ಮ ತವರೂ ದೂರವಿರಬಹುದು. ಮಗುವಿಗೆ ಭೇದಿಯಾದರೆ ಹೆದರಬೇಡಿ, ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಓಆರ್‌ಎಸ್ ಕಲಸಿ. ಎದೆಹಾಲು, ಊಟ ನಿಲ್ಲಿಸಬೇಡಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಏನೂ ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಯಾರ ದಾರಿಯನ್ನೂ ಕಾಯದೆ ಆಸ್ಪತ್ರೆಗೆ ಹೊರಡಿ.