ಬಾಗಿಲ ಬಳಿಯ ಖಾಲಿ ತಾಟು

"ಯಜಮಾನ್ರ, ಊಟಕ್ಕ ಏನರ ಸಿಕ್ಕೀತೇನ್ರಿ?" ಎಂದು ಕೇಳಿದ ಗಾಡಿಯವ, ಉತ್ತರ ಬಾರದಿದ್ದಾಗ ಬಾರುಕೋಲನ್ನು ಗೋಡೆಗೆ ಒರಗಿಸಿ, ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಸದ್ದಿಲ್ಲದೆ ಕುಳಿತುಬಿಟ್ಟ.

ಬಾಗಿಲ ಮರೆಯಲ್ಲಿದ್ದ ಗುರವ್ವ ಇದನ್ನು ನೋಡಿದಳು. ಅವನು ಊಟ ಕೇಳಿದ್ದು ಅವಳ ಗಂಡ ಅಂದಾನೆಪ್ಪನನ್ನು. ಅಂದಾನೆಪ್ಪ ರಾತ್ರಿ ನಿದ್ದೆಯಲ್ಲೇ ತೀರಿಕೊಂಡಿದ್ದ. ಬೆಳಗಿನ ಜಾವ ಮೈ ತೊಳೆಸಿ, ಮಡಿ ಧೋತರ ಉಡಿಸಿ, ಹಣೆ ತುಂಬ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟು, ಖಾನಾವಳಿಯ ಕಟ್ಟೆಯ ಮೇಲೆ ಕಂಬಕ್ಕೆ ಆನಿಸಿ ಅವನನ್ನು ಕೂಡಿಸಿದ್ದರು. ಗಂಡಸರು ಹೆಣ ಹೊರುವ ವಿಮಾನ ಕಟ್ಟಲು ಬಿದಿರು ಸೀಳುತ್ತ ಹಿತ್ತಲಲ್ಲಿದ್ದರು. ನೆರೆಮನೆಯ ರಾಚವ್ವ ಬಿಲ್ವಪತ್ರೆ ತರಲು ಹೋಗಿದ್ದಳು. ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ದಾರಿಹೋಕನ ಕಣ್ಣಿಗೆ ಅದು ಲಿಂಗಪೂಜೆಗೆ ಕುಳಿತ ಹಿರಿಯನಂತೆಯೇ ಕಾಣುವುದು.

"ತಮ್ಮಾ, ಅವರು ಪೂಜಾಕ್ಕ ಕುಂತಿಲ್ಲ" ಎಂದಳು ಗುರವ್ವ.

"ಇರ್ಲಿ ಬಿಡ್ರಿ ಯವ್ವಾ. ಮುಗಸ್ಲಿ. ನನಗೇನು ಅವಸರಿಲ್ಲ."

"ರಾತ್ರಿ ತೀರಕೊಂಡಾರಪಾ."

ಗಾಡಿಯವ ತಿರುಗಿ ನೋಡಿದ. ಮತ್ತೊಮ್ಮೆ ನೋಡಿದ. ಎದ್ದು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ಹೆಸರು ಲಕ್ಕಪ್ಪ, ಸಾಲಹಳ್ಳಿಯವನು. ಅರಳೆ ಹೇರಿಕೊಂಡು ಬೈಲಹೊಂಗಲಕ್ಕೆ ಮೊದಲ ಸಲ ಬಂದಿದ್ದ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುತ್ತಾರಂತೆ. ಕೂತವರನ್ನು ಕಂಡು ಅನುಮಾನ ಬರುವುದಾದರೂ ಹೇಗೆ?

"ಎಂಥಾ ತಪ್ಪು ಮಾಡಿದ್ನಿ. ಹೆಣದ ಕಡೆ ಊಟ ಕೇಳಿದ್ನೆಲ್ರಿ ಯವ್ವಾ."

ರಾತ್ರಿಯಿಂದ ಅಳದಿದ್ದ ಗುರವ್ವನಿಗೆ ಅಳುವಿನ ಬದಲು ನಗು ಬಂತು. "ಚಲೋ ಕೇಳಿದಿ. ಇದಕ್ಕಿಂತ ಅವರಿಗೆ ಸೇರೂವಂಥಾ ಮಾತು ಇವತ್ತ ಯಾರೂ ಆಡೂದಿಲ್ಲ" ಎಂದಳು. ಸೆರಗಿನಿಂದ ಕಣ್ಣೊರಸಿಕೊಂಡು, ಬೀದಿಯಲ್ಲಿ ಇನ್ನೂ ಖಾನಾವಳಿಗಳಿರುವಾಗ ಇದೇ ಬಾಗಿಲನ್ನು ಯಾಕೆ ಹಿಡಿದೆ ಎಂದು ಕೇಳಿದಳು.

ಲಕ್ಕಪ್ಪ ಕಟ್ಟೆಯತ್ತ ಅಂಜುತ್ತಂಜುತ್ತ ನೋಡಿದ. "ಬಾಗಲದಾಗ ಒಬ್ಬರು ಹಿರ್ಯಾರು ಕುಂತಿದ್ರಲ್ರಿ" ಎಂದ.

ಗುರವ್ವನ ನಗು ಅಲ್ಲಿಗೇ ನಿಂತಿತು.

*

ಅಂದಾನೆಪ್ಪ ಪುಣೆಯ ಕಾಲೇಜಿನಲ್ಲಿ ಎರಡು ವರ್ಷ ಪದಾರ್ಥವಿಜ್ಞಾನ ಓದಿದವನು. ತಂದೆ ತೀರಿಕೊಂಡಾಗ ಊರಿಗೆ ಮರಳಿ, ಅರಳೆ ಪೇಟೆಯ ದಾರಿಯಲ್ಲಿ ಖಾನಾವಳಿ ಇಟ್ಟ. ಓದು ಬಿಟ್ಟರೂ ಓದಿನ ಚಟ ಬಿಡಲಿಲ್ಲ. ಅಲ್ಲಿ ತಕ್ಕಡಿ, ಗಾಜಿನ ನಳಿಕೆಗಳಿದ್ದವು, ಇಲ್ಲಿ ಮನುಷ್ಯರಿದ್ದರು. ಬೀದಿಯ ಎಲ್ಲ ಖಾನಾವಳಿಗಳಲ್ಲೂ ಅದೇ ಜೋಳದ ರೊಟ್ಟಿ, ಅದೇ ಬದನೆಕಾಯಿ, ಅದೇ ಶೇಂಗಾ ಚಟ್ನಿ. ಹಾಗಿದ್ದ ಮೇಲೆ ಹಸಿದವನು ಒಂದು ಬಾಗಿಲನ್ನು ದಾಟಿ ಇನ್ನೊಂದಕ್ಕೆ ಹೋಗುವುದು ಯಾಕೆ?

ಗುರವ್ವನಿಗೆ ಇದು ಪ್ರಶ್ನೆಯೇ ಅಲ್ಲ. "ರೊಟ್ಟಿ ಚಲೋ ಇದ್ರ ಬರತಾರ" ಎನ್ನುತ್ತಿದ್ದಳು.

"ರೊಟ್ಟಿ ಬಾಯಾಗ ಬೀಳೂದು ಒಳಗ ಬಂದ ಮ್ಯಾಲ. ಒಳಗ ಯಾಕ ಬರತಾರ ಅದನ್ನ ಹೇಳು" ಎನ್ನುತ್ತಿದ್ದ ಅವನು.

ಗಂಡ ಹೆಂಡಿರ ಸಂಸಾರವೆಲ್ಲ ಈ ಒಂದೇ ವಾದದ ಮೇಲೆ ನಡೆಯಿತೆಂದರೂ ಸುಳ್ಳಲ್ಲ. ಮಕ್ಕಳಿರಲಿಲ್ಲ, ವಾದವನ್ನೇ ಸಾಕಿ ದೊಡ್ಡದು ಮಾಡಿದರು.

ಅಂದಾನೆಪ್ಪ ಅದನ್ನು ಪರೀಕ್ಷೆಗೆ ಒಡ್ಡಿದ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂಬುದು ಅವನ ನಿಯಮ. ಹಾಗೆ ಒಂದು ವಾರ ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿಸಿದ. ಉಂಡವರಲ್ಲಿ ಒಬ್ಬನೂ ತಕರಾರು ಮಾಡಲಿಲ್ಲ. ಬದಲಿಗೆ ಮನೋಳಿಯ ಗಾಡಿಯವರು ಕೈ ತೊಳೆಯುವಾಗ ಅವನನ್ನು ಬದಿಗೆ ಕರೆದು, ಅಕ್ಕನಿಗೆ ಮೈಯಲ್ಲಿ ಆರಾಮಿಲ್ಲವೇ ಎಂದು ಕೇಳಿದರು. ಮರುದಿನ ಅವಳಿಗೆಂದು ಒಂದು ಗಡಿಗೆ ಎಮ್ಮೆಯ ಮೊಸರು ತಂದರು. ಪರೀಕ್ಷೆ ಕೆಟ್ಟಿತು. ಮೊಸರು ಚೆನ್ನಾಗಿತ್ತು.

ಇನ್ನೊಂದು ವಾರ ತಾನೇ ಬಾಯಿ ಮುಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತ. ಬಂದವರನ್ನು ಬರ್ರಿ ಎನ್ನುವುದಿಲ್ಲ, ಹೋಗುವವರನ್ನು ಮಾತಾಡಿಸುವುದಿಲ್ಲ. ತನ್ನ ಮಾತಿಲ್ಲದಿದ್ದರೂ ಮಂದಿ ಬಂದಾರೇ ಎಂದು ನೋಡಬೇಕಿತ್ತು. ಅಂದಾನೆಪ್ಪ ಮೌನವ್ರತ ಹಿಡಿದಿದ್ದಾನೆಂದು ಪೇಟೆ ತುಂಬ ಸುದ್ದಿಯಾಗಿ, ಎಂದೂ ಬಾರದವರು ಬಂದು ಅವನ ಕಾಲಿಗೆ ಬಿದ್ದು, ತೆಂಗಿನಕಾಯಿ ಇಟ್ಟು, ಬಂದದ್ದಕ್ಕೆ ಉಂಡೂ ಹೋದರು. ಒಳಗೆ ಗುರವ್ವ ನಕ್ಕ ಭರಕ್ಕೆ ಹಂಚಿನ ಮೇಲಿನ ರೊಟ್ಟಿ ಹೊತ್ತಿಹೋಯಿತು.

*

ಬೆಳಕಾಗುವಷ್ಟರಲ್ಲಿ ಹೆಣದ ಬಳಿ ಊಟ ಕೇಳಿದವನ ಸುದ್ದಿ ಅರಳೆ ಪೇಟೆಯನ್ನೆಲ್ಲ ಸುತ್ತಿ ಬಂದಿತ್ತು. ಬಂದವರು ಮೊದಲು ಅಂದಾನೆಪ್ಪನಿಗೆ ಕೈ ಮುಗಿದು, ಆಮೇಲೆ ಲಕ್ಕಪ್ಪ ಯಾರು ಎಂದು ಹುಡುಕುತ್ತಿದ್ದರು. ಸತ್ತ ಮೇಲೂ ಒಂದು ಗಿರಾಕಿ ಹಿಡಿದನಲ್ಲ ಎಂದು ಒಬ್ಬ ಹೇಳಿದರೆ, ಅವನು ಇನ್ನೂ ಚಾಕರಿ ಬಿಟ್ಟಿಲ್ಲ ಎಂದು ಇನ್ನೊಬ್ಬ. ಭಜನೆಯವರೂ ತಾಳ ಕೆಳಗಿಟ್ಟು ನಕ್ಕರು.

ನಗದವನು ವೀರಪ್ಪನೊಬ್ಬನೇ. ಅಂದಾನೆಪ್ಪನ ತಮ್ಮ; ರಾಮದುರ್ಗದಲ್ಲಿ ಹೊಲಮನೆ ಮಾಡಿಕೊಂಡಿದ್ದ. ಅಣ್ಣ ವಾರದಿಂದ ಮೈಯಲ್ಲಿ ಸೋತಿದ್ದನೆಂದು ನೋಡಲು ಬಂದವನು ಈಗ ಅಣ್ಣನ ಮಣ್ಣಿಗೆ ನಿಲ್ಲಬೇಕಾಗಿತ್ತು. ಅವನು ಗುರವ್ವನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಮೆಲ್ಲಗೆ ಹೇಳಿದ:

"ವೈನಿ, ಇನ್ನ ಸಾಕು. ಆಯುಷ್ಯೆಲ್ಲಾ ಹೊಗಿ ಕುಡದೀರಿ. ಅರಳಿ ವ್ಯಾಪಾರಿ ಒಬ್ಬಾವ ಈ ಜಾಗಾ ಗೋದಾಮಿಗೆ ಕೇಳಾಕ ಹತ್ತ್ಯಾನ. ಕೀಲಿ ಹಾಕಿ ನಮ್ಮ ಮನಿಗೆ ನಡ್ರಿ. ಕುಂತ ಉಣ್ಣೂವಂತ್ರಿ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ಕಷ್ಟ. ಬೇಡವೆನ್ನಲು ಗುರವ್ವನ ಬಳಿ ಕಾರಣವೂ ಇರಲಿಲ್ಲ. ಬೆಳಿಗ್ಗೆ ಲಕ್ಕಪ್ಪ ಆಡಿದ ಮಾತು ಅವಳೊಳಗೆ ಕುಳಿತಿತ್ತು. ಬಾಗಿಲಲ್ಲಿ ಒಬ್ಬ ಹಿರಿಯ ಕುಳಿತಿದ್ದ, ಅದಕ್ಕೇ ಬಂದೆ. ಹಾಗಾದರೆ ಇಷ್ಟು ವರ್ಷ ಬಂದವರೆಲ್ಲ ಅವನನ್ನು ನೋಡಿಯೇ ಬಂದರೇ? ಆ ಕಟ್ಟೆ ಖಾಲಿಯಾದ ಮೇಲೆ ಈ ಬಾಗಿಲಿಗೆ ಯಾರು ಬಂದಾರು? ತನ್ನ ಕೈಯ ರೊಟ್ಟಿ ಎಷ್ಟೇ ಚೆನ್ನಾಗಿರಲಿ, ಒಳಗೆ ಬಂದವನಿಗಷ್ಟೇ ಅದು ರೊಟ್ಟಿ.

"ಇವತ್ತಿಂದು ಇವತ್ತ ನೋಡೂಣು, ವೀರಪ್ಪಾ" ಎಂದಳು.

ಅಷ್ಟರಲ್ಲಿ ಮುರಗೋಡದಿಂದ ಕ್ರಿಯೆ ಮಾಡಿಸುವ ಅಯ್ಯನವರು ಬಂದರು. ರಾಚವ್ವ ತನ್ನ ಮನೆಯಿಂದ ಎಲ್ಲರಿಗೂ ಬುತ್ತಿ ತರುವ ಮಾತಾಡುತ್ತಿದ್ದಳು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಅವಳ ಹಟ. ಗುರವ್ವ ಅಯ್ಯನವರ ಮುಂದೆ ಬಂದು ನಿಂತಳು.

"ಅಜ್ಜಾರ, ಒಲಿ ಹಚ್ಚಲೇನ್ರಿ?"

ಅಯ್ಯನವರು ಅಂದಾನೆಪ್ಪನ ಅಂಗೈಯ ಲಿಂಗವನ್ನು ಸರಿಯಾಗಿ ಕೂಡಿಸುತ್ತಿದ್ದರು. ತಲೆ ಎತ್ತದೆ, "ಲಿಂಗವಂತರಿಗೆ ಸೂತಕ ಎಲ್ಲಿಂದ ಬಂತು ತಂಗಿ? ಸೂತಕಿಲ್ಲ, ಹಸಿವಿ ಐತಿ" ಎಂದರು. ಲಿಂಗ ಸರಿಯಾಗಿ ಕೂತ ಮೇಲೆ, "ಬದನಿಕಾಯಿ ಅದಾವೇನು?" ಎಂದೂ ಕೇಳಿದರು.

ವಿಮಾನಕ್ಕೆ ಹೂ ಕಟ್ಟುವವರ ನಡುವೆ ಮನೋಳಿಯ ಮುದುಕ ಮಾಳಪ್ಪ ಕುಳಿತು ಲಕ್ಕಪ್ಪನಿಗೆ ತನ್ನ ಕತೆ ಹೇಳುತ್ತಿದ್ದ. ಹರೆಯದಲ್ಲಿ ಮೊದಲ ಸಲ ಗಾಡಿ ಹೊಡೆದುಕೊಂಡು ಬಂದಾಗ ಈ ಬಾಗಿಲಿಗೆ ಬಂದು ಇಣುಕಿ ನೋಡಿದ್ದನಂತೆ. ಪಂಕ್ತಿ ತುಂಬಿತ್ತು. ಹಾಗೇ ಹಿಂದಕ್ಕೆ ಹೊರಟ. ಅಂದಾನೆಪ್ಪ ಬರಿಗಾಲಲ್ಲಿ ಬೀದಿಗೆ ಓಡಿ ಬಂದು ತೋಳು ಹಿಡಿದ. ಮಾಳಪ್ಪ ಬೆದರಿದ, ಏನೋ ಕಳವಾಗಿದೆ, ತನ್ನ ಮೇಲೆ ಬಂತೆಂದು.

"ಯಾಕ ಹೊಳ್ಳಿದಿ ಅಂದ್ರು. ರೊಟ್ಟಿ ಇರಲಿಲ್ಲೇನು ಅಂದ್ರು. ನಾ ಅಂದ್ನಿ, ರೊಟ್ಟಿ ಕಂಡಾವ್ರಿ, ಕುಂಡ್ರಾಕ ಜಾಗಾ ಕಾಣ್ಲಿಲ್ಲ. ಉಣ್ಣಾವರನ್ನ ಸರೀರಿ ಅನ್ನಾಕ ನಾಚಿಕಿ ಬಂತು. ಅಷ್ಟ ಕೇಳಿ, ರೊಕ್ಕ ಸಿಕ್ಕವರಂಗ ನಗಾಕ ಹತ್ತಿದ್ರಪಾ. ಹುಚ್ಚ ಅದಾನ ಅನ್ಕೊಂಡ್ನಿ ನಾ."

ಅಂದಿನಿಂದಲೇ ಬಾಗಿಲ ಬಳಿ ಆ ಖಾಲಿ ತಾಟು ಬಂದದ್ದು. ಎಷ್ಟೇ ಗದ್ದಲವಿರಲಿ, ಪಂಕ್ತಿಯ ತುದಿಗೆ ಒಂದು ತಾಟು, ಒಂದು ತಂಬಿಗೆ ನೀರು, ಯಾರೂ ಕೂರದ ಒಂದು ಜಾಗ. ಅಲ್ಲೊಬ್ಬ ಬಂದು ಕುಳಿತರೆ ಪಂಕ್ತಿ ತುಸು ಸರಿದು, ಅವನ ಪಕ್ಕ ಇನ್ನೊಂದು ತಾಟು. ಖಾಲಿ ತಾಟಿನಿಂದ ಯಾರ ಹೊಟ್ಟೆ ತುಂಬುತ್ತದೆ ಎಂದು ಗುರವ್ವ ಹಂಗಿಸುತ್ತಿದ್ದಳು. ಆದರೂ ದಿನಾ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದವಳು ಅವಳೇ.

*

ಹಿಂದೊಂದು ವರ್ಷ ಮುಂಬಯಿಯ ವಾಣಿಜ್ಯ ಕಾಲೇಜಿನ ಪ್ರೊಫೆಸರರೊಬ್ಬರು ಅರಳೆ ಪೇಟೆ ನೋಡಲು ಬಂದು ಇಲ್ಲಿ ಉಂಡಿದ್ದರು. ಅಂದಾನೆಪ್ಪನ ಪರೀಕ್ಷೆಗಳನ್ನು ಕೇಳಿ, ಇದನ್ನು ಬರೆದು ತಂದು ನಮ್ಮ ವಿದ್ವಾಂಸರ ಮುಂದೆ ಓದಿರಿ ಎಂದರು. ಅವನು ಚಳಿಗಾಲವಿಡೀ ಕುಳಿತು ಬರೆದ. ಹಸಿದವನು ಬಾಗಿಲನ್ನು ಆಯುವ ಬಗೆ ಎಂದು ಅದರ ವಿಷಯ. ಹೊರಡುವಾಗ ಗುರವ್ವ ದಾರಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿದಳು. ದಾರಿಗೆ ಮಾತ್ರವಲ್ಲ, ಒಂದು ಮದುವೆಗೆ ಆಗುವಷ್ಟು ಕಟ್ಟಿದಳು.

ಮರಳಿದವನು ಚಪ್ಪಲಿ ಬಿಡುವ ಮೊದಲೇ ನಗತೊಡಗಿದ. ಪ್ರಬಂಧವನ್ನು ಎಲ್ಲರೂ ಮನಸಿಟ್ಟು ಕೇಳಿದರಂತೆ. ಆಮೇಲೆ ಬುತ್ತಿ ಬಿಚ್ಚಿದನಂತೆ. ಕೇಳಿದ ಪ್ರಶ್ನೆಗಳೆಲ್ಲ ಚಟ್ನಿಯ ಬಗ್ಗೆಯೇ ಇದ್ದವಂತೆ.

"ಓದಿದಾಂವ ನಾನು, ಗೆದ್ದಾಕಿ ನೀನು" ಎಂದ.

ಗುರವ್ವ ಆ ರಾತ್ರಿ ಗೆದ್ದವಳಾಗಿ ಮಲಗಿದಳು. ಬೆಳಿಗ್ಗೆ ಅವನು ಹಲ್ಲುಜ್ಜುತ್ತ ಬಂದು, ಇದನ್ನು ಪರೀಕ್ಷೆಯೆಂದು ಹಿಡಿಯಲಾಗದು ಎಂದ. ಯಾಕೆಂದು ಕೇಳಿದರೆ, "ಅವರೆಲ್ಲಾ ಮೊದಲ ಒಳಗ ಬಂದು ಕುಂತಿದ್ರಲಾ" ಎಂದ.

*

ವಿಮಾನ ಹೊರಟಿತು. ಹೆಗಲು ಕೊಟ್ಟವರಲ್ಲಿ ಲಕ್ಕಪ್ಪನೂ ಇದ್ದ. ತಪ್ಪಿಗೆ ತಾನೇ ವಿಧಿಸಿಕೊಂಡ ದಂಡ ಅದು. ರಾಚವ್ವ ಬೀದಿಯ ತಿರುವಿನವರೆಗೆ ಹೋಗಿ ಮರಳಿ ಬಂದು ಗುರವ್ವನಿಗೆ ವರದಿ ಒಪ್ಪಿಸಿದಳು. ಬೇರೆ ಖಾನಾವಳಿಗಳವರೆಲ್ಲ ಕೆಲಸ ಬಿಟ್ಟು ಹೊರಗೆ ಬಂದು ನಿಂತಿದ್ದರಂತೆ. ಅವರಲ್ಲೊಬ್ಬ ಕಾಯಿ ಒಡೆದು ಕಣ್ಣೊರಸಿಕೊಂಡು ಹೇಳಿದನಂತೆ: "ಇಷ್ಟ ವರ್ಷ ನಮ್ಮ ಬಾಗಲಾ ದಾಟಿಸಿ ಮಂದೀನ ಕರಕೊಂಡ ಹೋದಿ. ಇವತ್ತೂ ಎಲ್ಲಾರನೂ ಕರಕೊಂಡ ಹೊಂಟಿಯಲ್ಲೋ ಅಂದಾನೆಪ್ಪಾ."

ರಾಚವ್ವ ಅದನ್ನು ಹೇಳಿ ನಕ್ಕಳು, ನಕ್ಕು ಅತ್ತಳು, ಅಳುತ್ತಲೇ ಬದನೆಕಾಯಿ ಸೀಳಲು ಕುಳಿತಳು.

ಗುರವ್ವ ಹಿಟ್ಟು ನಾದಿ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಉಬ್ಬಿತು. ಅದನ್ನು ಹಂಚಿನಿಂದ ತೆಗೆದು ರೂಢಿಯಂತೆ ಕಟ್ಟೆಗೆ ಒಯ್ದಳು. ಮೊದಲ ರೊಟ್ಟಿ ಯಾವತ್ತೂ ಅವನದು. ಕಟ್ಟೆ ಖಾಲಿ ಇತ್ತು. ಕಂಬಕ್ಕೆ ಅವನ ತಲೆ ಆನಿದ್ದಲ್ಲಿ ವಿಭೂತಿಯ ಬಿಳಿ ಗುರುತು ಉಳಿದಿತ್ತು. ರೊಟ್ಟಿ ಆರುವವರೆಗೆ ಅಲ್ಲೇ ನಿಂತಳು. ಆಮೇಲೆ ಅದನ್ನು ಎರಡಾಗಿ ಮುರಿದು ಲಕ್ಕಪ್ಪನ ಎತ್ತುಗಳಿಗೆ ತಿನ್ನಿಸಿ ಒಳಗೆ ಬಂದು ಎರಡನೆಯದನ್ನು ಬಡಿದಳು.

ತಾಟುಗಳನ್ನು ಹಾಕುತ್ತ ಬಾಗಿಲವರೆಗೆ ಬಂದಾಗ ಅವಳ ಕೈ ತಡೆಯಿತು. ತುದಿಯ ತಾಟು ನಿನ್ನೆ ರಾತ್ರಿ ಅವನೇ ಇಟ್ಟಿದ್ದು, ಹಾಗೇ ಇತ್ತು. ತಂಬಿಗೆಯ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಿಟ್ಟಳು.

ಮಣ್ಣು ಮಾಡಿ ಬಂದವರು ಕಾಲು ತೊಳೆದು ಒಳಗೆ ಬಂದರು. ಯಾರೂ ಹೇಳದೆ ತಮ್ಮ ತಮ್ಮ ಜಾಗ ಹಿಡಿದರು. ಅಯ್ಯನವರು ಗೋಡೆಗೆ ಒರಗಿ ಕುಳಿತು ಪಲ್ಯದ ಪರಿಮಳಕ್ಕೆ ಮುಖ ಅರಳಿಸಿದರು. ಹೊಸಬನಾದ ಲಕ್ಕಪ್ಪ ಬಾಗಿಲ ಬಳಿಯ ತಾಟಿಗೆ ಹೋದ. ಮಾಳಪ್ಪ ಅವನ ಧೋತರದ ಚುಂಗು ಹಿಡಿದೆಳೆದ.

"ಅಲ್ಲಿ ಕುಂಡ್ರಬ್ಯಾಡ. ಇಲ್ಲಿ ಬಾ, ಸರೀತೇನಿ."

"ಎಲ್ಲಾರೂ ಬಂದೀವಲ್ರಿ. ಅದು ಯಾರದು?"

"ಇನ್ನಾ ಬರಾಂವಂದು."

ಬಡಿಸುವುದು ನಡೆದಿತ್ತು. ಯಾರೋ ಮೌನವ್ರತದ ಕತೆ ತೆಗೆದರು, ಯಾರೋ ಉಪ್ಪಿನದು. ಉಪ್ಪು ಕಡಿಮೆಯಿದ್ದ ಆ ಪಲ್ಯವನ್ನು ಹೊಗಳಿ ಉಂಡದ್ದನ್ನು ಮಾಳಪ್ಪ ಈಗ ಒಪ್ಪಿಕೊಂಡಾಗ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆ ನಗುವಿನ ನಡುವೆ ಗುರವ್ವ ಬಾಗಿಲತ್ತ ನೋಡಿದಳು.

ಹೊಸ್ತಿಲ ಹೊರಗೆ ವೀರಪ್ಪ ನಿಂತಿದ್ದ. ಸಮಾಧಿಯಿಂದ ನೇರವಾಗಿ ಅರಳೆ ವ್ಯಾಪಾರಿಯನ್ನು ಕಾಣಲು ಹೋಗಿದ್ದ. ಕೈಯಲ್ಲಿ ಹೊಸ ಬೀಗವಿತ್ತು. ಬಿಸಿಲಲ್ಲಿ ನಡೆದು ಮುಖ ಬಾಡಿತ್ತು. ಅವನು ರೊಟ್ಟಿಯ ಬುಟ್ಟಿಯನ್ನು ನೋಡಲಿಲ್ಲ. ಪಂಕ್ತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣಾಡಿಸಿದ. ಎಲ್ಲರೂ ಭುಜಕ್ಕೆ ಭುಜ ತಾಗಿ ಕುಳಿತಿದ್ದರು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ, ಆಮೇಲೆ ಬರತೇನಿ ಎನ್ನುವವನಂತೆ.

ಗುರವ್ವ ಕರೆಯಲು ಬಾಯಿ ತೆರೆದವಳು, ಗಂಡನ ಪರೀಕ್ಷೆ ನೆನಪಾಗಿ ತಡೆದಳು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ರೊಟ್ಟಿ ಇನ್ನೂ ಅವನ ಬಾಯಿಗೆ ಬಿದ್ದಿರಲಿಲ್ಲ.

ವೀರಪ್ಪನ ಕಣ್ಣು ತನ್ನ ಕಾಲ ಬಳಿಗೇ ಇಳಿಯಿತು. ತಾಟು. ನೀರು. ಅವನು ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ಬೀಗವನ್ನು ಪಕ್ಕಕ್ಕಿಟ್ಟು ಕುಳಿತ.

ಗುರವ್ವ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಅವನು ತಲೆ ತಗ್ಗಿಸಿ ಉಂಡ. ತಾಟು ಖಾಲಿಯಾದ ಮೇಲೆ, ತಲೆ ತಗ್ಗಿಸಿಯೇ, "ವೈನಿ, ಇನ್ನೊಂದು ಹಾಕ್ರಿ" ಎಂದ.

ಹಾಕಿದಳು. ಪಂಕ್ತಿ ಒತ್ತಿಕೊಂಡು ಸರಿಯಿತು, ವೀರಪ್ಪನೂ ತನಗರಿಯದೆ ಸರಿದ. ಗುರವ್ವ ಒಳಗೆ ಹೋಗಿ ಇನ್ನೊಂದು ತಾಟು ತಂದಳು. ವೀರಪ್ಪನಿಗೂ ಹೊಸ್ತಿಲಿಗೂ ನಡುವೆ ಬೀಗ ಬಿದ್ದಿತ್ತು. ಅದನ್ನೆತ್ತಿ ಗೋಡೆಯ ಗೂಡಿನಲ್ಲಿಟ್ಟು, ಆ ಜಾಗವನ್ನು ಸೆರಗಿನಿಂದ ಒರಸಿ ತಾಟು ಇಟ್ಟಳು. ಪಕ್ಕಕ್ಕೆ ನೀರು ತುಂಬಿದ ತಂಬಿಗೆ. ನಿಂತು ನೋಡಿದಳು. ಮತ್ತೆ ಬಗ್ಗಿ, ಬೀದಿಯಿಂದ ಬರುವವನ ಬಲಗೈಗೆ ಸಿಗುವಂತೆ ತಂಬಿಗೆಯನ್ನು ತುಸು ಸರಿಸಿದಳು.