ಸೀಟಿನ ಕೆಳಗಿನ ಪೆಟ್ರೋಲು

ಹುಬ್ಬಳ್ಳಿಯ ಗಬ್ಬೂರಿನ ಹತ್ತಿರ ಬೈಪಾಸ್ ದಾಟುವಾಗ ನನ್ನ ಪಿಕಪ್ ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತು. ಎದುರಿನ ತಗ್ಗಿನಿಂದ ಲಾರಿಯೊಂದು ಏರಿ ಬರುತ್ತಿತ್ತು. ಚಾವಿ ತಿರುಗಿಸಿದೆ. ಇಂಜಿನ್ ಕೆಮ್ಮಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಪಕ್ಕದಲ್ಲಿ ಹೆಂಡತಿ ದೇವಕ್ಕ ತೊಡೆಯ ಮೇಲೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಲಾರಿಯವನು ಹಾರ್ನ್ ಒತ್ತುತ್ತಲೇ ಬಂದು, ಕೊನೆಯ ಗಳಿಗೆಯಲ್ಲಿ ಗಾಡಿಯನ್ನು ಮಣ್ಣಿಗಿಳಿಸಿ, ನಮ್ಮ ಮೂತಿಗೆ ಗಾಳಿ ಬಡಿಸಿ ಹಾದುಹೋದ. ಹೋಗುವಾಗ ನನ್ನ ಅವ್ವನನ್ನು ಬೈದ. ನಾನೂ ಬೈಯಬೇಕೆಂದು ಬಾಯಿ ತೆರೆದೆ. ಗಾಳಿ ಬಿಟ್ಟರೆ ಏನೂ ಹೊರಡಲಿಲ್ಲ.

ಗಾಡಿ ತಳ್ಳಿ ಅಂಚಿಗೆ ತಂದ ಮೇಲೆ ದೇವಕ್ಕ ಹೇಳಿದಳು: "ನಾ ಇನ್ನ ಈ ಗಾಡ್ಯಾಗ ಕುಂದ್ರಾಂಗಿಲ್ಲ. ಸಾಯೂದ ಆದ್ರ ಮನ್ಯಾಗ ಒಲಿ ಮುಂದ ಸಾಯತೇನಿ."

ಅವಳು ಕೂರದಿದ್ದರೆ ನಮ್ಮ ವ್ಯಾಪಾರವಿಲ್ಲ. ಮನೆಯಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿಸುವವಳೂ ಅವಳೇ, ಕೇಶ್ವಾಪುರದ ಖಾನಾವಳಿಗಳವರ ಜೊತೆ ಮಾತಾಡಿ ಕೊಟ್ಟು ಬರುವವಳೂ ಅವಳೇ. ನಾನು ಮಾತಾಡಿದರೆ ಜಗಳವಾಗುತ್ತದೆ. ಹಾಗೆ ಎರಡು ಖಾನಾವಳಿ ಕಳೆದುಕೊಂಡಿದ್ದೇವೆ.

ಗಾಡಿಯನ್ನು ಬೆಂಗೇರಿಗೆ ಎಳೆಸಿಕೊಂಡು ಹೋದೆ. ಅಲ್ಲಿ ದೇವಕ್ಕನ ತಮ್ಮ ಮಾಲತೇಶನ ಗ್ಯಾರೇಜಿದೆ, ಹಿಂದೆಯೇ ಅವನ ಮನೆ. ಅವನು ಸೀಟು ಎತ್ತಿದ. ನನ್ನ ಪಿಕಪ್ಪಿನ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಕಾರ್ಬೊರೇಟರ್ ಬಿಚ್ಚಿ ಅಂಗೈಯಲ್ಲಿ ಅಲ್ಲಾಡಿಸಿ ನೋಡಿದ.

"ಮಾಮಾ, ಇದನ್ನ ಇನ್ನ ರಿಪೇರಿ ಮಾಡೂದಂದ್ರ ಗೊಡ್ಡ ಎಮ್ಮಿ ಹಿಂಡಿದಂಗ. ಬಿಸಿ ಆತಂದ್ರ ಪೆಟ್ರೋಲ್ ಉಕ್ಕತದ, ಪ್ಲಗ್ ತೊಯ್ತಾವ, ಗಾಡಿ ನಿಲ್ಲತದ. ತಗದ ಒಗದು ಎಂಪಿಎಫ್‌ಐ ಹಾಕೋಣು."

ಆಗ ಹೊಸ ಕಾರುಗಳ ಬೆನ್ನ ಮೇಲೆಲ್ಲ ಆ ನಾಲ್ಕು ಅಕ್ಷರ ಹೊಳೆಯುತ್ತಿದ್ದವು. ನನಗೆ ಅದರ ಅರ್ಥ ಗೊತ್ತಿರಲಿಲ್ಲ.

"ಹಂಗಂದ್ರೇನೋ?"

"ಕಾರ್ಬೊರೇಟರ್ ಇದ್ರ ಇಂಜಿನ್ ತಾನ ಪೆಟ್ರೋಲ್ ಹೀರತದ, ಕೂಸು ಮೊಲಿ ಉಂಡಂಗ. ಇದು ಹಂಗಲ್ಲ. ಪೆಟ್ರೋಲ್ ಟಾಕ್ಯಾಗ ಕರೆಂಟಿನ ಪಂಪ್ ಕುಂತಿರತದ. ಅದು ಪೆಟ್ರೋಲ್ ದೂಕತದ, ಕಂಪ್ಯೂಟರ್ ಹೇಳಿದಷ್ಟ ಇಂಜಿನ್ನಿಗೆ ಸಿಂಪಡಸತದ. ನಡುರಸ್ತ್ಯಾಗ ನಿಲ್ಲೂ ಮಾತ ಇಲ್ಲ."

"ದೂಕತದ ಅಂದ್ರ ಎಷ್ಟ ಜೋರಲೆ?"

"ಪೈಪಿನ ಬಾಯಿಗೆ ಬೆರಳ ಇಟ್ರ ಬೆರಳ ಸರಸತದ."

ನಾನು ಆ ತೆರೆದ ಸೀಟಿನ ಕಡೆ ನೋಡಿದೆ. ಅದರ ಮೇಲೆ ದೇವಕ್ಕ ಕೂರುತ್ತಾಳೆ. ಅವಳ ಕೆಳಗೆ ಅಷ್ಟು ಜೋರಿನ ಪೆಟ್ರೋಲು, ಪಕ್ಕದಲ್ಲೇ ಕೆಂಪಗೆ ಕಾಯುವ ಸೈಲೆನ್ಸರಿನ ಬಾಯಿ. ಬೇಡ ಎನ್ನಬೇಕೆನಿಸಿತು. ಆದರೆ ಲಾರಿಯ ಹಾರ್ನು ಇನ್ನೂ ಕಿವಿಯಲ್ಲಿತ್ತು. ಹೂಂ ಅಂದೆ.

ಸಾಮಾನು ಸಿಕ್ಕಿದ್ದು ಗುಲಾಬಸಾಬನ ಗುಜರಿಯಲ್ಲಿ. ಹಿಂದಿನಿಂದ ಗುದ್ದಿಸಿಕೊಂಡ ಕಾರು. ಹಿಂಭಾಗ ಮುದ್ದೆಯಾಗಿತ್ತು, ಮುಂಭಾಗ ಮದುವಣಗಿತ್ತಿಯ ಹಾಗಿತ್ತು. ಇಂಜಿನ್ ನನ್ನ ಗಾಡಿಯದ್ದೇ ಜಾತಿಯದು.

"ಇದರಾಗ ಕುಂತಾವ್ರು ಏನಾದ್ರೋ ಸಾಬರ?" ಎಂದು ಕೇಳಿದೆ.

"ಅಣ್ಣಾರ, ಗುಜರಿಗೆ ಬಂದಾವ್ರು ಸಾಮಾನ ಕೇಳ್ತಾರ. ಮಂದಿನ್ನ ಕೇಳೂದಿಲ್ಲ," ಎಂದ ಅವನು, ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಳ್ಳುತ್ತ.

ಮಾಲತೇಶ ಕೆಲಸ ಹಿಡಿದ. ಹೆಣ್ಣುಮಕ್ಕಳ ಜಡೆಯಷ್ಟು ದಪ್ಪದ ವೈರುಗಳ ಕಟ್ಟು, ಅದರ ತುದಿಗೆ ಊಟದ ಡಬ್ಬಿಯಂಥ ಕಂಪ್ಯೂಟರು. ಟಾಕಿಗೆ ಪಂಪ್ ಇಳಿಸಿದ. ಪೆಟ್ರೋಲ್ ಹೋಗಲು ಒಂದು ಪೈಪು, ಉಳಿದದ್ದು ವಾಪಸ್ ಬರಲು ಇನ್ನೊಂದು. ನಾನು ಪಕ್ಕದಲ್ಲಿ ನಿಂತು ಅವನ ಕೈಯನ್ನೇ ಕಾಯುತ್ತಿದ್ದೆ. ಬೀಡಿ ಬಿಟ್ಟಿದ್ದೆ. ಹಾಗೆ ಹಾದುಹೋಗುವವರು ಬೀಡಿ ಹಚ್ಚಿಕೊಂಡು ನೋಡಲು ಬಂದರೆ ಒದರಿ ಓಡಿಸುತ್ತಿದ್ದೆ.

ಎಲ್ಲ ಕೂತಿತು. ಒಂದು ಮಾತ್ರ ಉಳಿಯಿತು. ಕಾರಿನಲ್ಲಿ ಇಂಜಿನ್ ಕೂರುವ ರೀತಿ ಬೇರೆ, ನನ್ನ ಗಾಡಿಯಲ್ಲಿ ಬೇರೆ. ಹಾಗಾಗಿ ಪೆಟ್ರೋಲಿನ ಪೈಪು, ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಕೊಳವೆಯ ತನಕ ಮುಟ್ಟಲಿಲ್ಲ. ಗೇಣುದ್ದ ಸಾಲಲಿಲ್ಲ. ಒತ್ತಡ ತಡೆಯುವ ಪೈಪು ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಮಾಲತೇಶ ಬೆಳಗಾವಿಗೆ ಫೋನ್ ಮಾಡಿ ಬಸ್ಸಿನಲ್ಲಿ ಕಳಿಸಲು ಹೇಳಿದ. ಅಲ್ಲಿಯ ತನಕ ಅಳತೆಗೆಂದು ಹಳೆಯ ಕಾರ್ಬೊರೇಟರಿನ ರಬ್ಬರ್ ಪೈಪಿನ ತುಂಡೊಂದನ್ನು ಆ ಜಾಗದಲ್ಲಿ ಸಿಕ್ಕಿಸಿದ.

ಮರುದಿನ ಅಮಾವಾಸ್ಯೆ. ಬೆಳಿಗ್ಗೆ ಅವನು ಪೈಪು ತರಲು ಬಸ್‌ಸ್ಟ್ಯಾಂಡಿಗೆ ಹೊರಟ. ಹೋಗುವಾಗ, "ಮಾಮಾ, ನಾ ಬರೂತನಕ ಗಾಡಿ ಚಾಲೂ ಮಾಡಬ್ಯಾಡ್ರಿ," ಎಂದ.

"ನನಗ ಹುಚ್ಚ ಹಿಡದೈತೇನು?" ಎಂದೆ.

ನಮ್ಮ ಕಡೆ ಗಾಡಿ ಇದ್ದವರು ಅಮಾವಾಸ್ಯೆ ತಪ್ಪಿಸುವುದಿಲ್ಲ. ಗಾಡಿ ತೊಳೆದು, ಭಂಡಾರದ ಅರಿಷಿಣ ಪುಡಿ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಇಂಜಿನ್ ಬಿಚ್ಚಿ ಜೋಡಿಸಿದ್ದರೆ ಇಂಜಿನ್ನಿಗೇ ಪೂಜೆ. ಆರತಿಯ ಹೊತ್ತಿಗೆ ಚಾವಿ ತಿರುಗಿಸಿ ಮುಂದಿನ ಎರಡೂ ದೀಪ ಹಚ್ಚಬೇಕು. ಗಾಡಿ ಕಣ್ಣು ತೆರೆದು ಆರತಿ ನೋಡಬೇಕು ಎಂಬುದು ಹಿರಿಯರ ಮಾತು. ನಾನು ಈ ಗಾಡಿಗೆ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೆ. ಚಾವಿ ತಿರುಗಿಸಿದರೆ ದೀಪ ಹತ್ತುತ್ತಿತ್ತು, ಅಷ್ಟೇ. ಕಾರ್ಬೊರೇಟರ್ ತಣ್ಣಗೆ ಮಲಗಿರುತ್ತಿತ್ತು.

ಹಿಂದಿನ ಮನೆಯಲ್ಲಿ ಮಗನ ಜೊತೆಗಿದ್ದ ಅತ್ತೆ, ದೇವಕ್ಕನ ಅವ್ವ, ಮೈಯಲ್ಲಿ ದೇವರು ಬಂದವರ ಹಾಗೆ ಗ್ಯಾರೇಜಿನ ತುಂಬ ಓಡಾಡುತ್ತಿದ್ದಳು. ದೇವಕ್ಕನೂ ಬಂದಿದ್ದಳು. ಸೀಟು ಎತ್ತಿ ಕಟ್ಟಿದ್ದೆವು. ಅತ್ತೆ ಹೊಸ ಇಂಜೆಕ್ಟರಿನ ಕೊಳವೆಗೆ, ವೈರಿಗೆ, ಪೈಪಿಗೆ, ಎಲ್ಲಕ್ಕೂ ಭಂಡಾರ ಉದುರಿಸಿದಳು. ಇಂಜಿನ್ನಿನ ಅಂಚಿನಲ್ಲಿ ಬಾಳೆಹಣ್ಣಿನ ಚಿಪ್ಪು ಇಟ್ಟು ಅದಕ್ಕೆ ಊದಿನಕಡ್ಡಿ ಚುಚ್ಚಿದಳು. ದೇವಕ್ಕ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡಳು.

"ಕಣ್ಣ ತಗಸ್ರಿ," ಎಂದಳು ಅತ್ತೆ ನನಗೆ.

ನಾನು ಬಾಗಿಲಿನಿಂದ ಕೈ ಚಾಚಿ ಚಾವಿ ತಿರುಗಿಸಿದೆ. ಚಾಲೂ ಮಾಡಲಿಲ್ಲ, ಬರೀ ತಿರುಗಿಸಿದೆ. ದೀಪ ಹತ್ತಿದವು. ಹಿಂದೆ ಟಾಕಿಯ ಕಡೆ ಜೇನುಹುಳ ಗುಂಯ್ ಅಂದ ಹಾಗೆ ಸದ್ದಾಯಿತು. ಆ ಸದ್ದನ್ನು ಈ ಗಾಡಿಯಲ್ಲಿ ನಾನು ಎಂದೂ ಕೇಳಿರಲಿಲ್ಲ.

"ನೋಡ್ರಿ, ಎಷ್ಟ ಚಂದ ಕಣ್ಣ ಬಿಟ್ತು!" ಎಂದಳು ಅತ್ತೆ.

ನಾನು ಇಂಜಿನ್ನಿನ ಕಡೆ ನೋಡುತ್ತಿದ್ದೆ. ರಬ್ಬರ್ ಪೈಪಿನ ಮೇಲೆ ಉದುರಿದ್ದ ಭಂಡಾರ ಒಣಗಿದ ಹಳದಿ. ನೋಡುತ್ತಿದ್ದಂತೆ ಅದರಲ್ಲಿ ಒಂದು ಗೆರೆ ಕಪ್ಪಾಯಿತು. ಗೆರೆ ಅಗಲವಾಯಿತು. ಹಳದಿ ನೀರಾಗಿ ತೊಟ್ಟಿಕ್ಕಿತು. ಆಮೇಲೆ ಪೈಪಿನಿಂದ ಕೂದಲಿನಷ್ಟು ಸಣ್ಣ ಎಳೆಯೊಂದು ಮೇಲೆದ್ದಿತು. ಊದಿನಕಡ್ಡಿಯ ಹೊಗೆ ಅಂದುಕೊಂಡೆ. ಆದರೆ ಹೊಗೆ ತೇಲುತ್ತದೆ. ಇದು ನೆಟ್ಟಗೆ ಚಿಮ್ಮುತ್ತಿತ್ತು.

ದೇವಕ್ಕ ತಟ್ಟೆ ಎತ್ತಿ ಇಂಜಿನ್ನಿನ ಮೇಲೆ ಬಾಗುತ್ತಿದ್ದಳು.

"ಏ ದೇವಕ್ಕ! ಹಿಂದಕ್ಕ ಸರಿ!" ಎಂದು ಕೂಗಿದೆ.

ಅವಳು ತಲೆಯನ್ನೂ ಎತ್ತಲಿಲ್ಲ. "ದೇವರ ಮುಂದರೆ ಒದರೂದ ಬಿಡ್ರಿ," ಎಂದಳು.

ಮನೆಯಲ್ಲಿ ಉಪ್ಪು ಹೆಚ್ಚಾದರೂ ಕೂಗುತ್ತೇನೆ, ಚಪ್ಪಲಿ ಸಿಗದಿದ್ದರೂ ಕೂಗುತ್ತೇನೆ. ನನ್ನ ಕೂಗಿಗೆ ಅಲ್ಲಿ ಯಾರೂ ಸರಿಯುವುದಿಲ್ಲ. ಇನ್ನೊಮ್ಮೆ ಬಾಯಿ ತೆರೆದೆ, ಬರೀ ಗಾಳಿ ಹೊರಟಿತು. ಬೈಪಾಸಿನಲ್ಲಿ ಆದ ಹಾಗೆಯೇ. ಕರ್ಪೂರದ ಉರಿ ತಟ್ಟೆಯ ಮೇಲೆ ಅಲ್ಲಾಡುತ್ತ ಆ ಎಳೆಯ ಕಡೆ ಹೋಗುತ್ತಿತ್ತು. ನಾನು ನುಗ್ಗಿ ಅಂಗೈಯನ್ನು ಉರಿಯ ಮೇಲೆ ಒತ್ತಿದೆ.

ಚರ್ಮ ಸುಟ್ಟ ವಾಸನೆ ಬಂತು. ಕೈ ತೆಗೆಯಲಿಲ್ಲ. ಆರಿದೆ ಎಂದು ನಂಬಿಕೆಯಾಗಲಿಲ್ಲ.

"ಆರತಿ ಆರಸಿದ್ರೇನ್ರಿ!" ಎಂದು ಅತ್ತೆ ಹಣೆ ಬಡಿದುಕೊಂಡಳು. "ಅಮಾಸಿ ದಿನ! ಯಾರ ಜೀವಕ್ಕ ಮುಳುವಾತೋ!"

ದೇವಕ್ಕ ನನ್ನ ಮುಖ ನೋಡಿದಳು. ಆಮೇಲೆ ಮೂಗು ಅರಳಿಸಿದಳು. ಕೆಳಗೆ ನೋಡಿದಳು. ಗಾಡಿಯ ಕೆಳಗೆ ನೆಲ ಒದ್ದೆಯಾಗಿ ಹರಡುತ್ತಿತ್ತು.

"ಯವ್ವಾ, ಹೊರಗ ನಡಿ," ಎಂದಳು. ಅವಳ ದನಿ ಸಣ್ಣದಾಗಿತ್ತು. ಅತ್ತೆ ಬಾಯಿ ಮುಚ್ಚಿ ನಡೆದಳು. ಅವಳು ಹಾಗೆ ಯಾರ ಮಾತಿಗೂ ನಡೆದದ್ದನ್ನು ನಾನು ಕಂಡಿಲ್ಲ.

ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು. ಬೂದಿ ಉದ್ದಕ್ಕೆ ಬೆಳೆದು ಬಾಗಿತ್ತು, ಈಗ ಬೀಳುತ್ತದೆ ಇನ್ನೊಂದು ಗಳಿಗೆಗೆ ಬೀಳುತ್ತದೆ ಎನ್ನುವ ಹಾಗೆ. ಅದನ್ನು ತೆಗೆಯಬೇಕೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ತಟ್ಟೆಯನ್ನು ನನ್ನ ಕೈಗೆ ಬಿಟ್ಟು, ದೇವಕ್ಕ ಎರಡೂ ಕೈಯಿಂದ ಬಾಳೆಹಣ್ಣಿನ ಚಿಪ್ಪನ್ನು, ಮಲಗಿದ ಕೂಸನ್ನು ಎತ್ತಿಕೊಳ್ಳುವ ಹಾಗೆ, ಎತ್ತಿಕೊಂಡು ಮೆಲ್ಲಗೆ ಹೆಜ್ಜೆ ಇಡುತ್ತ ಮೂಲೆಗೆ ಹೋಗಿ, ಪಂಕ್ಚರ್ ನೋಡುವ ನೀರಿನ ತೊಟ್ಟಿಯಲ್ಲಿ ಮುಳುಗಿಸಿದಳು. ಚುಂಯ್ ಅಂದಿತು.

ಆಗಲೂ ಗುಂಯ್ ಸದ್ದು ನಿಂತಿರಲಿಲ್ಲ.

"ಚಾವಿ!" ಎಂದಳು ದೇವಕ್ಕ. "ಚಾವಿ ಬಂದ್ ಮಾಡ್ರಿ!"

ಚಾವಿ ತಿರುಗಿಸಿದರೆ ಕಿಡಿ ಹಾರೀತೇ? ನನಗೆ ಗೊತ್ತಿರಲಿಲ್ಲ. ಕೇಳಲು ಮಾಲತೇಶನೂ ಇರಲಿಲ್ಲ. ಕಣ್ಣು ಮುಚ್ಚಿ ತಿರುಗಿಸಿದೆ. ಸದ್ದು ನಿಂತಿತು. ದೀಪ ಆರಿದವು. ನಾವಿಬ್ಬರೂ ರಸ್ತೆಗೆ ಓಡಿದೆವು.

ಮಾಲತೇಶ ಪೈಪಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದಾಗ ನಾವು ಮೂವರೂ ಎದುರಿನ ಚಹಾದಂಗಡಿಯ ಮುಂದೆ ನಿಂತಿದ್ದೆವು. ಅಂಗಡಿಯವನಿಗೆ ಹೇಳಿ ಅವನ ಸ್ಟೋವನ್ನೂ ಆರಿಸಿದ್ದೆ. ಅವನು ಗೊಣಗುತ್ತಿದ್ದ. ಮಾಲತೇಶ ಒಳಗೆ ಹೋಗಿ ನೋಡಿ ಬಂದ. ಬಂದವನೇ ಅಂಗಡಿಯ ಕಟ್ಟೆಯ ಮೇಲೆ ಕುಸಿದ.

"ಚಾಲೂ ಮಾಡಬ್ಯಾಡ್ರಿ ಅಂದಿದ್ದೆ, ಮಾಮಾ."

"ಚಾಲೂ ಎಲ್ಲಿ ಮಾಡೇನಲೇ? ಕಣ್ಣ ತಗಸೇನಿ ಅಷ್ಟ!"

ಅವನು ತಲೆ ಹಿಡಿದುಕೊಂಡ. ಪರೀಕ್ಷೆಗೆಂದು ಪಂಪಿನ ವೈರನ್ನು ನೇರವಾಗಿ ಚಾವಿಗೇ ಜೋಡಿಸಿದ್ದನಂತೆ. ಇಂಜಿನ್ ತಿರುಗಲಿ ಬಿಡಲಿ, ಚಾವಿ ತಿರುಗಿದರೆ ಸಾಕು, ಪಂಪು ದೂಕುತ್ತದೆ. ಹಳೆಯ ರಬ್ಬರು ಆ ಒತ್ತಡಕ್ಕೆ ಸೀಳಿತ್ತು.

"ಹೇಳಬೇಕಿಲ್ಲೇನಲೇ ಕತ್ತೀ?"

"ಅಮಾಸಿ ಪೂಜಿ ನಾ ಬಂದ ಮ್ಯಾಲೆ ಮಾಡ್ತೀರಿ ಅಂದ್ಕೊಂಡಿದ್ದೆ. ಪೈಪ ಇಲ್ಲದ ಗಾಡಿಗೆ ಯಾರ ಪೂಜಿ ಮಾಡ್ತಾರ?"

"ಇಬ್ಬರೂ ಬಾಯಿ ಮುಚ್ಚರಿ," ಎಂದಳು ದೇವಕ್ಕ. "ನನ್ನ ಮಾರಿ ಮುಂದ ಉರೀತಿತ್ತು. ನೀವೇನ ವಾದ ಹಚ್ಚೀರಿ?"

ಅವನು ಅಂದೇ ಹೊಸ ಪೈಪು ಹಾಕಿದ. ಎರಡೂ ತುದಿಗೆ ಕ್ಲಿಪ್ಪು ಬಿಗಿದ. ಪಂಪಿನ ವೈರನ್ನು ಬಿಚ್ಚಿ ಕಂಪ್ಯೂಟರಿನ ಕೈಗೆ ಕೊಟ್ಟ. ಇಂಜಿನ್ ತಿರುಗದಿದ್ದರೆ ಪಂಪು ಒಂದು ಗಳಿಗೆ ದೂಕಿ ತಾನೇ ನಿಲ್ಲುವ ಹಾಗೆ. ಒಣ ಬಟ್ಟೆಯಿಂದ ಒರೆಸಿ ಒರೆಸಿ ತೋರಿಸಿದ. ಸಂಜೆ ಚಾಲೂ ಮಾಡಿದ. ಇಂಜಿನ್ ಒಂದೇ ಸಲಕ್ಕೆ ಹತ್ತಿತು, ಕೆಮ್ಮಲಿಲ್ಲ, ನಡುಗಲಿಲ್ಲ. ಹಳೆಯ ಸದ್ದಿಗೆ ಹೊಂದಿದ್ದ ಕಿವಿಗೆ ಆ ನಯವೇ ದಿಗಿಲಾಯಿತು.

ಮಾರನೆಯ ಬೆಳಿಗ್ಗೆ ಕೇಶ್ವಾಪುರಕ್ಕೆ ರೊಟ್ಟಿ ಹೋಗಲೇಬೇಕಿತ್ತು. ಗಾಡಿ ನಮ್ಮ ಮನೆಯ ಮುಂದಿತ್ತು. ರಾತ್ರಿ ಜೊತೆಗೆ ಬಂದಿದ್ದ ಮಾಲತೇಶ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ದೇವಕ್ಕ ಬುಟ್ಟಿಗಳನ್ನು ಏರಿಸಿ, ತಾನೂ ಹಿಂದೆ ಬುಟ್ಟಿಗಳ ನಡುವೆ ಹತ್ತಿ ಕೂತಳು.

"ಮುಂದ ಬಾ," ಎಂದೆ.

"ಇಂಜಿನ್ ಮ್ಯಾಲೆ ನಾ ಕುಂದ್ರಾಂಗಿಲ್ಲ."

ಮಾಲತೇಶ ಉಗುಳಿ ಹೇಳಿದ: "ಅಕ್ಕಾ, ಟಾಕಿ ನಿನ್ನ ಬುಡಕ ಐತಿ."

ಅವಳು ಕೆಳಗೆ ನೋಡಿದಳು. ತಮ್ಮನನ್ನು ನೋಡಿದಳು. ಇಳಿದು ಮುಂದೆ ಬಂದಳು. "ಎಲ್ಲಿ ಕುಂತರೂ ಅದ ಹಾಡ," ಎಂದು ಬಾಗಿಲು ತೆಗೆದು ಕೂತಳು.

ನಾನು ಚಾವಿ ಹಾಕಿದೆ. ಬಟ್ಟೆ ಸುತ್ತಿದ ಕೈ ಅಲ್ಲಿಯೇ ನಿಂತಿತು. ತಿರುಗಿಸಲಾಗಲಿಲ್ಲ.

"ಏನಾತ್ರಿ?"

"ಏನಿಲ್ಲ."

"ಅಂಜಿಕಿ ಬಂತೇನ್ರಿ?"

ಬೈಯಬೇಕೆಂದುಕೊಂಡೆ. "ಹೂಂ," ಎಂದೆ.

ಅವಳು ಇಳಿದು, "ಸೀಟ ಎತ್ತರಿ. ನಾ ಮೂಗ ಇಟ್ಟ ನೋಡತೇನಿ. ನೀವು ತಿರುವ್ರಿ," ಎಂದಳು.

"ಬ್ಯಾಡ. ನಾ ಇಡತೇನಿ. ನೀ ತಿರುವು."

"ನನಗ ತಿರುವಾಕ ಬರತೈತಿ?"

"ಬಲಕ್ಕ ಒಂದ ಸಲ. ದೀಪ ಹತ್ತಿದ ಕೂಡಲೆ ಕೈ ಬಿಡು."

ಸೀಟು ಎತ್ತಿದೆ. ಬಾಗಿ, ಹೊಸ ಪೈಪಿನ ಮೇಲೆ ಮುಖ ಇಟ್ಟೆ. ರಬ್ಬರಿನ ವಾಸನೆ, ನಿನ್ನೆಯ ಭಂಡಾರದ ವಾಸನೆ. ಅವಳು ಚಾವಿ ತಿರುಗಿಸಿದಳು. ಹಿಂದೆ ಜೇನುಹುಳ ಗುಂಯ್ ಅಂದಿತು, ನಿಂತಿತು. ಉಸಿರು ಎಳೆದೆ. ಮತ್ತೆ ಎಳೆದೆ. ಮುಖಕ್ಕೆ ಏನಾದರೂ ಸೋಕೀತೆಂದು ಕಾಯುತ್ತ ಹಾಗೇ ಇದ್ದೆ.

"ಏನ್ ಬಂತ್ರಿ?"

"ಏನಿಲ್ಲ."

"ಖರೇನು?"

"ಖರೇ. ಇನ್ನೊಂದ ಸಲ ತಿರುವು."

ಅವಳು ಮತ್ತೆ ತಿರುಗಿಸಿದಳು. ನಾನು ಮತ್ತೆ ಮೂಸಿದೆ. ಪೈಪು ಒಣಗಿತ್ತು. ಆಮೇಲೆ ಸೀಟು ಇಳಿಸಿದೆ. ಅವಳು ಅದರ ಮೇಲೆ ಕೂತು, ಸೆರಗು ಬಿಗಿದು, ಬುಟ್ಟಿಯೊಂದನ್ನು ತೊಡೆಯ ಮೇಲೆ ಎಳೆದುಕೊಂಡಳು.

"ನಡೀರಿ," ಎಂದಳು. "ಆದರ ಬಾಗಲಾ ಪೂರ್ತಿ ಹಾಕಬ್ಯಾಡ್ರಿ."