ಕೂಡದು

"ಏಳೇ ಮುದುಕಿ, ಬೆಂಚು ನಿಮ್ಮಪ್ಪಂದಾ?"

ನನ್ನ ನಾದಿನಿ ಏಳಲಿಲ್ಲ, ಏಳಲಾಗಲಿಲ್ಲ. ಸ್ಟೇಷನ್ನಿನ ಗೋಡೆಗೆ ಹತ್ತಿದ ಹೊಗೆಮಸಿಯನ್ನು ಮಂಡಿಯೂರಿ ಉಜ್ಜಿ ಉಜ್ಜಿ ಅವಳ ಕಾಲು ಮರಗಟ್ಟಿತ್ತು. ಮೇಸ್ತ್ರಿ ಬೆಂಚಿಗೆ ಒದ್ದ. ಗೋಡೆ ಹಿಡಿದು ಎದ್ದಳು.

ರೈಲು ನಿಲ್ಲುವುದು ತಪ್ಪಿದ ಮೇಲೆ ಹಾಳುಬಿದ್ದ ಸ್ಟೇಷನ್ನು. ಈಗ ಜನ ನೋಡಲೆಂದು ಅದನ್ನು ಮೊದಲಿದ್ದ ಹಾಗೆಯೇ ಮಾಡಬೇಕಂತೆ, ರೈಲೊಂದು ಮಾತ್ರ ಬರುವುದಿಲ್ಲವಂತೆ. ನಾವು ಮಸಿ ತೊಳೆದು ಗೋಡೆ ಬೆಳ್ಳಗೆ ಮಾಡಿದರೆ ಕೆಲಸದ ಉಸ್ತುವಾರಿಯ ಸಾಹೇಬರು ಬಂದು ಹಣೆ ಚಚ್ಚಿಕೊಂಡರು.

"ಇತಿಹಾಸಾನೇ ತೊಳೆದುಬಿಟ್ರಲ್ಲೋ ಮುಂಡೇವಾ. ಇನ್ನು ಮುಂದೆ ಉದುರಿದ್ದು ಉದುರಿದ ಹಾಗೇ ಇರಲಿ."

ಮಾರನೆಯ ದಿನ ಹಳೇ ಬಣ್ಣ ಬರಲೆಂದು ಟೀಸೊಪ್ಪು ಕುದಿಸಿ ಅದೇ ಗೋಡೆಗೆ ಬಳಿದೆವು.

"ನಮಗೊಂದು ಲೋಟ ಟೀ ಕೊಡದೋರು ಗೋಡೆಗೆ ಕುಡಿಸ್ತಾರೆ ನೋಡತ್ತಿಗೆ," ಎಂದಳು ನಾದಿನಿ.

ಬೆಂಚಿನ ಮೇಲಿನ ಗೋಡೆಗೆ ಹೊಡೆದಿದ್ದ ಹಲಗೆ ಉಜ್ಜಿದಾಗ ಅಕ್ಷರ ಎದ್ದವು: 'ಈ ಬೆಂಚಿಗೆ ಕೂಲಿಗಳು ಕೂಡದು.' ತುಂಬು ಬಸುರಿನಲ್ಲೂ ಪೆಟ್ಟಿಗೆ ಹೊತ್ತ ನಮ್ಮವ್ವ ಇದೇ ಬೆಂಚಿನ ತುದಿಗೆ ಸೊಂಟ ಊರಿ ಬೆತ್ತದೇಟು ತಿಂದಿದ್ದಳು. ಓದು ಬಾರದವಳಿಗೆ ಬೋರ್ಡನ್ನು ಬೆನ್ನಿನ ಮೇಲೆ ಓದಿಸಿದ್ದರು.

"ಇದನ್ನೂ ಮತ್ತೆ ಬರೀಬೇಕಾ ಸಾಮಿ?" ಸಾಹೇಬರನ್ನು ಕೇಳಿದೆ.

"ಇದೇ ಮುಖ್ಯ ಕಣೇ. ಜನ ಇದನ್ನ ನೋಡೋಕೇ ಬರ್ತಾರೆ."

"ಮತ್ತೆ ನಾವೆಲ್ಲಿ ಕೂರೋದು?"

"ಮೊದಲೆಲ್ಲಿ ಕೂರ್ತಿದ್ರೋ ಅಲ್ಲೇ."

ಪೇಂಟರು ಕೈಕೊಟ್ಟಿದ್ದ. ರಾತ್ರಿಶಾಲೆಗೆ ಹೋದವಳೆಂದು ಮೇಸ್ತ್ರಿ ಕುಂಚವನ್ನು ನನ್ನ ಕೈಗೆ ತುರುಕಿದ. 'ಕೂ' ದಪ್ಪಗೆ ಬರೆದೆ. 'ಡ' ಇನ್ನೂ ದಪ್ಪಗೆ. ಕೊನೆಗುಳಿದ ಒಂದಕ್ಷರವನ್ನು ಉಪ್ಪುಕಾಗದ ಹಿಡಿದು ಉಜ್ಜಿ ಹಾಕಿದೆ. ಮೇಸ್ತ್ರಿ ನೋಡುವ ಮೊದಲೇ ನಾದಿನಿ ಹಲಗೆಗೆ ಪರದೆ ಕಟ್ಟಿದಳು.

ಉದ್ಘಾಟನೆಯ ದಿನ ಬೆಂಚು ಹೊಳೆಯಲಿ ಎಂದರು ಸಾಹೇಬರು. ಬೆಳಿಗ್ಗೆಯೇ ಇನ್ನೊಂದು ಕೋಟು ವಾರ್ನಿಶ್ ಹೊಡೆದೆವು. ದೊಡ್ಡ ಮನುಷ್ಯರೊಬ್ಬರು ಬಿಳಿ ಬಟ್ಟೆಯಲ್ಲಿ ಬಂದು, ಬಾರದ ರೈಲಿಗೆ ಹಸಿರು ಬಾವುಟ ಬೀಸಿದರು. ಪರದೆ ಸರಿಸಿ ಗಟ್ಟಿಯಾಗಿ ಓದಿದರು:

"ಈ ಬೆಂಚಿಗೆ ಕೂಲಿಗಳು ಕೂಡ."

ಚಪ್ಪಾಳೆ ಬಿತ್ತು. ಅವರು ಫೋಟೋಕ್ಕೆಂದು ಬೆಂಚಿನ ಮೇಲೆ ಕೂತರು.

ಸಾಹೇಬರು ನನ್ನ ರಟ್ಟೆ ಹಿಡಿದು ಹಲ್ಲು ಕಡಿದರು. "'ದು' ಎಲ್ಲೇ, ಲೌಡಿ?"

"ಉದುರಿತ್ತು ಸಾಮಿ. ಉದುರಿದ್ದು ಉದುರಿದ ಹಾಗೇ ಇರಲಿ ಅಂದಿದ್ರಲ್ಲ."

ಅಷ್ಟರಲ್ಲಿ ನಾದಿನಿ ಕುಂಟುತ್ತಾ ಹೋಗಿ, "ಒಸಿ ಸರ್ಕೊಳ್ಳಿ ಸಾಮಿ," ಎಂದು ಪಕ್ಕದಲ್ಲೇ ಕೂತು ಕಾಲು ನೀಡಿದಳು.

ದೊಡ್ಡ ಮನುಷ್ಯರು ಸರಿಯಲು ನೋಡಿದರು. ಏಳಲು ನೋಡಿದರು. ಬಟ್ಟೆ ವಾರ್ನಿಶ್ಶಿಗೆ ಕಚ್ಚಿಕೊಂಡಿತ್ತು. ಅವರಿಗೆ ಏಳಲಾಗಲಿಲ್ಲ. ನಾದಿನಿಗೆ ಏಳುವ ಮನಸ್ಸಿರಲಿಲ್ಲ.